ಹಲ್ಲು ಕೀಳಿಸಿದ ಮೂರನೇ ದಿನ ಒಂದು ಬಿಯರ್ ಕುಡಿಯಬಹುದಾ?

ನಿನ್ನೆ ಕೆಳದವಡೆಯ ಬುದ್ಧಿ ಹಲ್ಲು ಕೀಳಿಸಿದ್ದೀರಿ, ನಾಳಿದ್ದು ಗೆಳೆಯರ ಪಾರ್ಟಿ ಇದೆ, ನೋವು ಅಷ್ಟೇನಿಲ್ಲ, ಒಂದೇ ಒಂದು ಬಿಯರ್ ಕುಡಿದರೆ ಏನಾಗುತ್ತೆ ಅಂತ ಕೇಳಿದ್ದೀರಿ. ಬೇಡ. ಪಾರ್ಟಿಗೆ ಖಂಡಿತ ಹೋಗಿ ಬನ್ನಿ, ಕುಡಿಯೋದನ್ನು ಮಾತ್ರ ಒಂದು ವಾರ ಮುಂದಕ್ಕೆ ಹಾಕಿ.

ನೋವಿಲ್ಲ ಅನ್ನೋ ಧೈರ್ಯವನ್ನು ನಂಬಬೇಡಿ. ನನಗೂ ಎರಡನೇ ದಿನ ಹೀಗೇ ಇತ್ತು. ಸಂಜೆ ಎರಡು ಪೆಗ್ ಕುಡಿದೆ, ಆಮೇಲೆ ಒಂದು ಸಿಗರೇಟು. ನಾಲ್ಕನೇ ದಿನ ಬೆಳಗಿನ ಜಾವ ನೋವಿಗೇ ಎಚ್ಚರವಾಯಿತು. ಹಲ್ಲು ಇದ್ದಾಗಲೂ ಅಂಥ ನೋವು ಕಂಡಿರಲಿಲ್ಲ. ದವಡೆಯಿಂದ ಕಿವಿಯವರೆಗೂ ಎಳೆಯುತ್ತಿತ್ತು, ಬಾಯೆಲ್ಲ ಕೆಟ್ಟ ವಾಸನೆ. ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಹಲ್ಲಿದ್ದ ಗುಳಿ ಖಾಲಿ, ತಳದಲ್ಲಿ ಮೂಳೆ ಬೆಳ್ಳಗೆ ಕಾಣುತ್ತಿತ್ತು. ಡಾಕ್ಟರು ನೋಡಿದ ಕೂಡಲೇ ಡ್ರೈ ಸಾಕೆಟ್ ಅಂದರು, ಅಂದರೆ ಗುಳಿಯಲ್ಲಿದ್ದ ರಕ್ತದ ಹೆಪ್ಪು ಹೋಗಿ ಮೂಳೆ ಬಯಲಾಗೋದು. ಗುಳಿ ತೊಳೆದು, ಲವಂಗದ ವಾಸನೆಯ ಔಷಧಿ ತುಂಬಿದರು. ಮನೆಗೆ ಬರುವಷ್ಟರಲ್ಲಿ ಜೀವಕ್ಕೆ ಹಾಯೆನಿಸಿತು, ಆದರೆ ಆ ಔಷಧಿ ಬದಲಿಸೋಕೆ ಇನ್ನೂ ಎರಡು ಸಲ ಹೋಗಬೇಕಾಯಿತು. ಕುಡಿದಿದ್ದರಿಂದಲೇ ಹೀಗಾಯಿತು ಅಂತ ಆಣೆ ಮಾಡಿ ಹೇಳಲಾರೆ. ಕೆಳಗಿನ ಬುದ್ಧಿ ಹಲ್ಲು ತೆಗೆಸಿದವರಿಗೆ ಕುಡಿಯದೇ ಇದ್ದರೂ ಇದು ಬರೋದುಂಟು. ಆದರೂ ನಾವಾಗಿ ದಾರಿ ಮಾಡಿಕೊಡೋದು ಯಾಕೆ, ಅಲ್ವಾ?

ಹಲ್ಲು ಕಿತ್ತ ಜಾಗದಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತೆ. ಒಳಗಿನ ಮೂಳೆಗೂ ನರಕ್ಕೂ ಆ ಹೆಪ್ಪೇ ಮುಚ್ಚಳ. ಅದರ ಆಸರೆಯಲ್ಲೇ ವಸಡು ಕೂಡಿಕೊಳ್ಳಬೇಕು. ಮದ್ಯ ಕುಡಿದಾಗ ರಕ್ತನಾಳ ಹಿಗ್ಗಿ ನಿಂತಿದ್ದ ರಕ್ತ ಮತ್ತೆ ಒಸರಬಹುದು, ಹಸಿ ಗಾಯ ಉರಿಯುತ್ತೆ. ಸಿಗರೇಟು ಎಳೆಯೋದು, ಸ್ಟ್ರಾದಲ್ಲಿ ಹೀರೋದು, ಜೋರಾಗಿ ಉಗುಳೋದು, ಇವೂ ಹೆಪ್ಪನ್ನು ಕಿತ್ತು ತರುತ್ತವೆ. ಕುಡಿದಾಗ ಇದೆಲ್ಲ ನೆನಪಲ್ಲಿ ಉಳಿಯಲ್ಲ. ಮೊದಲ 24 ಗಂಟೆ ಹನಿ ಕೂಡ ಬೇಡ, ಮೂರು ದಿನ ಬಿಡಿ ಅಂತ ಹೇಳುವ ಡಾಕ್ಟರುಗಳೂ ಇದ್ದಾರೆ. ಬುದ್ಧಿ ಹಲ್ಲಿನ ಗಾಯ ದೊಡ್ಡದು, ಅದಕ್ಕೇ ನಾನು ಒಂದು ವಾರ ಅಂದಿದ್ದು.

ಇದಕ್ಕಿಂತ ನನಗೆ ಜಾಸ್ತಿ ಭಯ ಇರೋದು ಮಾತ್ರೆಗಳ ಬಗ್ಗೆ. ಈಗಲೇ ಎದ್ದು ನಿಮ್ಮ ಮಾತ್ರೆ ಶೀಟಿನ ಹಿಂದೆ ಏನು ಬರೆದಿದೆ ನೋಡಿ. ಮೆಟ್ರೊನಿಡಜೋಲ್ (ಸೋಂಕಿಗೆ ಕೊಡುವ ಆಂಟಿಬಯೋಟಿಕ್) ಅಂತಿದ್ದರೆ ಬಿಯರ್ ಮಾತೇ ಬೇಡ. ಅದರ ಜೊತೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಡವ ಅನ್ನಬಹುದು. ಕೊನೇ ಮಾತ್ರೆ ನುಂಗಿದ ಮೇಲೂ ಕನಿಷ್ಠ 48 ಗಂಟೆ ಬಿಡಬೇಕು, ಮೂರು ದಿನ ಬಿಟ್ಟರೆ ಇನ್ನೂ ಒಳ್ಳೇದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆಯಾದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವದ ಅಪಾಯ. ಪ್ಯಾರಾಸಿಟಮಾಲ್ ಜೊತೆ ಜಾಸ್ತಿ ಕುಡಿದರೆ ಲಿವರ್‌ಗೆ ಪೆಟ್ಟು. ಟ್ರಮಡಾಲ್ ಅನ್ನೋ ಜೋರಾದ ನೋವಿನ ಮಾತ್ರೆ ಕೊಟ್ಟಿದ್ದರಂತೂ ಉಸಿರಾಟವೇ ನಿಧಾನವಾಗಬಹುದು. ಇನ್ನೊಂದು ಮಾತು, ಆಲ್ಕೋಹಾಲ್ ಇರುವ ಮೌತ್‌ವಾಶೂ ಬೇಡ. ಕೀಳಿಸಿ ಒಂದು ದಿನ ಕಳೆದ ಮೇಲೆ, ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಮೆಲ್ಲಗೆ ಆಡಿಸಿ ಹಾಗೇ ಹೊರಗೆ ಬಿಟ್ಟುಬಿಡಿ, ಪಿಚಕ್ಕಂತ ಉಗುಳಬೇಡಿ.

ಇದನ್ನು ಓದೋ ಹೊತ್ತಿಗೆ ಯಾರಾದರೂ ಆಗಲೇ ಕುಡಿದುಬಿಟ್ಟಿದ್ದರೆ ಗಾಬರಿ ಬೇಡ. ಅಲ್ಲಿಗೇ ನಿಲ್ಲಿಸಿ, ನೀರು ಕುಡಿಯಿರಿ, ಮುಂದಿನ ಮಾತ್ರೆ ನುಂಗುವ ಮೊದಲು ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿ. ರಕ್ತ ಬರ್ತಿದ್ದರೆ ಒದ್ದೆ ಗಾಜ್ ಬಟ್ಟೆ ಮಡಿಸಿಟ್ಟು ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿ ಕೂತ್ಕೊಳ್ಳಿ. ಆಗಲೂ ನಿಲ್ಲದಿದ್ದರೆ ತಡಮಾಡದೆ ಹೊರಡಿ. ಮೂರನೇ, ನಾಲ್ಕನೇ ದಿನ ನೋವು ಇಳಿಯೋ ಬದಲು ಏರಿದರೂ ಅಷ್ಟೇ, ಅವತ್ತೇ ಹೋಗಿ ತೋರಿಸಿ. ತಾನಾಗೇ ಹೋಗುತ್ತೆ ಅಂತ ನಾನು ಒಂದು ಇಡೀ ದಿನ ಸುಮ್ನೆ ಒದ್ದಾಡಿದೆ.