ಸಂಪಾದಕರ ಉತ್ತರ: ನಿಮ್ಮೂರಲ್ಲಿ ಎಷ್ಟು ಸಿಗ್ನಲ್?

ಶ್ರೀನಿವಾಸಪುರ ತಾಲ್ಲೂಕು ರಾಯಲ್ಪಾಡು ಹೋಬಳಿಯ ಒಂದು ಹಳ್ಳಿಯಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅವರ ಅಕ್ಕನಿಗೆ ಎಪ್ಪತ್ತೆಂಟು ವರ್ಷ. ಬಟನ್ ಫೋನು. ಬೆಂಗಳೂರಿನ ಮಗ ಮಾಡಿದಾಗ ಎತ್ತುವುದು, ವಾರಕ್ಕೊಮ್ಮೆ ತಾವೇ ಮಾಡುವುದು, ಅಷ್ಟೇ ಬಳಕೆ. ಆದರೂ 28 ದಿನಕ್ಕೊಮ್ಮೆ ಇಂಟರ್ನೆಟ್ ಸೇರಿದ ಪ್ಯಾಕನ್ನೇ ಹಾಕಿಸುತ್ತಾರೆ. ರೇಟು ಏರುತ್ತಲೇ ಇದೆ. ಬೇರೆ ಕಂಪನಿಗೆ ಪೋರ್ಟ್ ಮಾಡಿಸೋಣ ಅಂದರೆ ಆ ಊರಲ್ಲಿ ಸರಿಯಾಗಿ ಸಿಗ್ನಲ್ ಸಿಗುವುದು ಒಂದೇ ಕಂಪನಿಯದು. ಕೊನೆಗೆ ಮೇಷ್ಟ್ರು ಕೇಳುತ್ತಾರೆ: "ಖಾಸಗಿಯವರು ಬರಲಿ, ಪೈಪೋಟಿ ಆಗಿ ದರ ಇಳಿಯುತ್ತೆ ಅಂತ ಇಪ್ಪತ್ತು ವರ್ಷದ ಹಿಂದೆ ನೀವೇ ಬರೆದಿದ್ದಿರಿ. ಇಳಿಯಿತು, ನಿಜ. ಈಗ ಯಾಕೆ ಏರುತ್ತಿದೆ? ಬಾಗಿಲು ತೆರೆದದ್ದೇ ತಪ್ಪಾಯ್ತಾ? ಸರ್ಕಾರವೇ ದರ ಕಟ್ಟಬೇಕಲ್ವಾ?"

ಮೇಷ್ಟ್ರೇ, ನಮಸ್ಕಾರ.

ಬರೆದದ್ದು ನಾನೇ. ಆ ಮಾತು ಸುಳ್ಳಾಗಲಿಲ್ಲ. ಆದರೆ ಅರ್ಧ ಮಾತು ಬಿಟ್ಟುಹೋಗಿತ್ತು. ಬಾಗಿಲು ತೆರೆದುಬಿಟ್ಟರೆ ಸಾಕು, ಪೈಪೋಟಿ ತಾನಾಗಿ ಬರುತ್ತದೆ ಎಂಬ ಧಾಟಿಯಲ್ಲಿ ಬರೆದಿದ್ದೆ. ಬಿಟ್ಟುಹೋದ ಆ ಅರ್ಧವನ್ನು ಇವತ್ತು ಬರೆಯುತ್ತೇನೆ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನೀವು ನೋಡಿದ್ದೀರಿ. ಹೊರರಾಜ್ಯದ ವ್ಯಾಪಾರಿಗಳು ಹತ್ತು ಜನ ನಿಂತ ದಿನ ಕೂಗು ಏರುತ್ತಾ ಹೋಗುತ್ತದೆ. ಲಾರಿಗಳು ಬಾರದ ದಿನ ಇಬ್ಬರೋ ಮೂವರೋ ನಿಂತಿರುತ್ತಾರೆ. ಅವರು ಪರಸ್ಪರ ಮುಖ ನೋಡಿಕೊಂಡು ಒಂದು ರೇಟಿಗೆ ನಿಂತುಬಿಟ್ಟರೆ ರೈತ ಏನು ಮಾಡಬೇಕು? ಮಂಡಿಯ ಗೇಟು ಎರಡೂ ದಿನ ತೆರೆದೇ ಇತ್ತು. ಅಲ್ಲಿ ಕೊಳ್ಳುವವರ ಪೈಪೋಟಿ, ಫೋನಿನಲ್ಲಿ ಮಾರುವವರ ಪೈಪೋಟಿ. ವ್ಯತ್ಯಾಸ ಅಷ್ಟೇ.

ಹಳೇ ಕಾಲದಿಂದ ಶುರು ಮಾಡೋಣ. ಟೆಲಿಫೋನ್ ಪೂರ್ತಿ ಸರ್ಕಾರದ್ದಾಗಿದ್ದಾಗ ಏನೂ ಆಗಲಿಲ್ಲ ಎನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. 1984ರಲ್ಲಿ ಸರ್ಕಾರವೇ ಸಿ-ಡಾಟ್ ಎಂಬ ಸಂಸ್ಥೆ ಕಟ್ಟಿತು. ಅದು ಹಳ್ಳಿಗಳಿಗಾಗಿ 128 ಲೈನಿನ ಪುಟ್ಟ ಎಕ್ಸ್‌ಚೇಂಜ್ ಮಾಡಿತು. ಧೂಳು, ಸೆಖೆ ತಡೆಯುತ್ತಿತ್ತು, ಎಸಿ ಕೋಣೆ ಬೇಕಿರಲಿಲ್ಲ. ಅದರ ಮೊದಲನೆಯದನ್ನು 1986ರಲ್ಲಿ ಕೂಡಿಸಿದ್ದು ನಮ್ಮ ಕಿತ್ತೂರಿನಲ್ಲಿ. ಆಮೇಲೆ ಊರೂರಿಗೂ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ರಾತ್ರಿ ಹನ್ನೊಂದಾದ ಮೇಲೆ ಕಾಲು ದರ ಎಂದು ಬೂತಿನ ಮುಂದೆ ಜನ ಕಾಯುತ್ತಿದ್ದರು. ಮದನಪಲ್ಲಿ ಮಂಡಿಯಲ್ಲಿ ಇವತ್ತು ಏನು ರೇಟು ಎಂದು ಕೇಳುವುದಕ್ಕೂ ಮೀಟರ್ ನೋಡಿಕೊಂಡೇ ಮಾತಾಡಬೇಕಿತ್ತು. ಮನೆಗೆ ಕನೆಕ್ಷನ್ ಬೇಕೆಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಕೆಲಸ ನಡೆಯುತ್ತಿತ್ತು, ಆದರೆ ಬಹಳ ನಿಧಾನ.

1994ರ ಟೆಲಿಕಾಂ ನೀತಿ ಖಾಸಗಿಯವರಿಗೆ ಬಾಗಿಲು ತೆರೆಯಿತು. 1995ರ ಜುಲೈ 31ರಂದು ಕೋಲ್ಕತ್ತಾದಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಕೇಂದ್ರ ಟೆಲಿಕಾಂ ಮಂತ್ರಿ ಸುಖ್ ರಾಮ್ ಅವರಿಗೆ ಮೊದಲ ಮೊಬೈಲ್ ಕರೆ ಮಾಡಿದರು. ಒಂದು ಸರ್ಕಲ್‌ಗೆ ಎರಡೇ ಕಂಪನಿ ಎಂಬುದು ಆಗಿನ ಲೆಕ್ಕ. ಸರ್ಕಲ್ ಅಂದರೆ ಹೆಚ್ಚುಕಡಿಮೆ ಒಂದು ರಾಜ್ಯದಷ್ಟು ಸೇವಾ ವಲಯ. ನಮ್ಮ ಕರ್ನಾಟಕಕ್ಕೆ ಬಂದವು ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್. ದರ ನಿಮಿಷಕ್ಕೆ 16 ರೂಪಾಯಿಯವರೆಗೂ ಇತ್ತು. ಬಂದ ಕರೆಗೂ ದುಡ್ಡು! ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ "ಊರು ತಲುಪಿದೆ", ಎರಡು ಕೊಟ್ಟರೆ "ವಾಪಸ್ ಮಾಡು" ಎಂಬ ಮಿಸ್ಡ್ ಕಾಲ್ ಭಾಷೆಯನ್ನೇ ನಮ್ಮ ಜನ ಕಟ್ಟಿಕೊಂಡರು. ಬಾಗಿಲು ತೆರೆದು ಐದಾರು ವರ್ಷವಾದರೂ ಹೀಗೇ ಇತ್ತು. ಇಬ್ಬರೇ ಇದ್ದರೆ ಆಗುವುದೇ ಹೀಗೆ.

ದರ ಇಳಿದದ್ದು ನಿಯಮಗಳು ಬಂದ ಮೇಲೆ. ಮೊದಲು ಟೆಲಿಕಾಂ ಇಲಾಖೆಯೇ ನೀತಿ ಬರೆಯುತ್ತಿತ್ತು, ಅದೇ ಲೈಸೆನ್ಸ್ ಕೊಡುತ್ತಿತ್ತು, ಅದೇ ಫೋನ್ ಸೇವೆಯನ್ನೂ ಮಾರುತ್ತಿತ್ತು. ಮಂಡಿ ಮಾಲೀಕನೇ ತೂಕ ಪರೀಕ್ಷಿಸುವ ಅಧಿಕಾರಿಯೂ ಆದ ಹಾಗೆ. 1997ರಲ್ಲಿ ಟ್ರಾಯ್ ಎಂಬ ನಿಯಂತ್ರಣ ಪ್ರಾಧಿಕಾರ ಬಂತು. 1999ರ ನೀತಿ ಕಂಪನಿಗಳ ಭಾರೀ ಲೈಸೆನ್ಸ್ ಶುಲ್ಕ ತೆಗೆದು, ಆದಾಯದಲ್ಲಿ ಪಾಲು ಕೊಟ್ಟರೆ ಸಾಕು ಎಂದಿತು. 2000ದ ಅಕ್ಟೋಬರ್ 1ರಂದು ಸೇವೆ ಮಾರುವ ಕೆಲಸವನ್ನು ಇಲಾಖೆಯಿಂದ ಬಿಡಿಸಿ ಬಿಎಸ್‌ಎನ್‌ಎಲ್ ಮಾಡಿದರು. 2002ರಲ್ಲಿ ಬಿಎಸ್‌ಎನ್‌ಎಲ್ ತಾನೂ ಮೊಬೈಲ್ ತಂದಿತು. 2003ರ ಮೇ ತಿಂಗಳಿಂದ ಒಳಬರುವ ಕರೆ ಫ್ರೀ ಆಯಿತು. ಆಗ ಹಣ್ಣಿನ ಗಾಡಿಯವರ ಕೈಗೂ ಫೋನ್ ಬಂತು. 2006ರಲ್ಲಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ ಸ್ಕೀಮು ಬಂದಾಗ ಎಸ್‌ಟಿಡಿ ಬೂತುಗಳ ಕಾಲ ಮುಗಿಯುತ್ತಾ ಬಂತು.

ಇದು ಬರೀ ದೆಹಲಿಯ ತೀರ್ಮಾನವಾಗಿರಲಿಲ್ಲ. 1997ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಭಾರತವೂ ಸೇರಿ 69 ದೇಶಗಳು ಟೆಲಿಕಾಂ ಸೇವೆ ಕುರಿತು ಒಪ್ಪಂದ ಮಾಡಿಕೊಂಡವು. 1998ರ ಫೆಬ್ರವರಿ 5ಕ್ಕೆ ಅದು ಜಾರಿಗೆ ಬಂತು. ಅದರ ಜೊತೆಗೆ ಕೆಲವೇ ಪುಟದ ಒಂದು ನಿಯಮಪತ್ರ ಇತ್ತು. ದೊಡ್ಡ ಕಂಪನಿ ಚಿಕ್ಕದಕ್ಕೆ ಲೈನ್ ಜೋಡಣೆ ಕೊಡಲೇಬೇಕು, ನಿಯಂತ್ರಕ ಯಾವ ಕಂಪನಿಗೂ ಸೇರಿರಬಾರದು, ಲೈಸೆನ್ಸಿನ ಷರತ್ತುಗಳು ಎಲ್ಲರಿಗೂ ಕಾಣುವಂತಿರಬೇಕು ಎಂದು ಅದರಲ್ಲಿತ್ತು. ಮುಕ್ತ ವ್ಯಾಪಾರದ ಒಪ್ಪಂದವೇ ಇಷ್ಟು ನಿಯಮ ಕೇಳಿತ್ತು ನೋಡಿ. ನಮ್ಮ ಸರ್ಕಾರ ಅದನ್ನು ಭಾಗಶಃ ಒಪ್ಪಿತು, ವಿದೇಶಿ ಪಾಲಿಗೆ ಶೇ. 25ರ ಮಿತಿ ಬರೆದುಕೊಟ್ಟಿತು. ಆಮೇಲೆ ತಾನಾಗಿಯೇ ಮುಂದೆ ಹೋಗಿ 2005ರಲ್ಲಿ ಶೇ. 74, 2013ರಲ್ಲಿ ಶೇ. 100 ಮಾಡಿತು. ವಿದೇಶಕ್ಕೆ ಮಾಡುವ ಕರೆಗಳಲ್ಲಿ ವಿಎಸ್‌ಎನ್‌ಎಲ್‌ಗಿದ್ದ ಏಕಸ್ವಾಮ್ಯವನ್ನೂ ಹೇಳಿದ್ದಕ್ಕಿಂತ ಎರಡು ವರ್ಷ ಮೊದಲೇ, 2002ರ ಏಪ್ರಿಲ್ 1ಕ್ಕೆ ಮುಗಿಸಿತು. ಕುವೈತ್‌ನಲ್ಲೋ ದುಬೈನಲ್ಲೋ ಮಕ್ಕಳಿದ್ದ ಮನೆಗಳಿಗೆ ಅದರ ಬೆಲೆ ಚೆನ್ನಾಗಿ ಗೊತ್ತು.

ಲೈನ್ ಜೋಡಣೆ ಅಂದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಸ ಕಂಪನಿಯೊಂದು ಬಂತು ಅಂದುಕೊಳ್ಳಿ. ಅದರ ಸಿಮ್ ತಗೊಂಡವರು ಮೊದಲು ಫೋನ್ ಮಾಡುವುದು ಹಳೇ ಕಂಪನಿಗಳ ಗಿರಾಕಿಗಳಿಗೇ. ಹಳಬರು ಸಾಕಷ್ಟು ಜೋಡಣೆ ಕೊಡದಿದ್ದರೆ ಕರೆ ಹೋಗುವುದೇ ಇಲ್ಲ. ಜನ ಏನನ್ನುತ್ತಾರೆ? "ಈ ಹೊಸ ಸಿಮ್ ಸರಿ ಇಲ್ಲ." ಹೊಸಬನ ಅಂಗಡಿಗೆ ಬರುವ ದಾರಿ ಹಳಬರ ಹೊಲದ ಮೇಲೇ ಹಾದುಹೋಗುತ್ತದೆ. 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾದಾಗ ಇದೇ ಜಗಳ ಆಯಿತು. ಜೋಡಣೆ ಸಾಲುತ್ತಿಲ್ಲ ಎಂದು ಜಿಯೋ, ಫ್ರೀ ಕರೆಗಳ ಪ್ರವಾಹ ತಡೆಯಲಾಗುತ್ತಿಲ್ಲ ಎಂದು ಹಳೇ ಕಂಪನಿಗಳು. ಏರ್‌ಟೆಲ್, ವೊಡಾಫೋನ್, ಐಡಿಯಾ ಮೂರಕ್ಕೂ ಸೇರಿ 3,050 ಕೋಟಿ ರೂಪಾಯಿ ದಂಡ ಹಾಕಿ ಎಂದು ಟ್ರಾಯ್ ಸರ್ಕಾರಕ್ಕೆ ಶಿಫಾರಸು ಮಾಡಿತು. ಯಾರ ಪರವಾದರೂ ವಾದಿಸಬಹುದು. ನನಗೆ ಮುಖ್ಯ ಅನ್ನಿಸುವುದು, ನಡುವೆ ನಿಂತು ಕೇಳುವವರು ಒಬ್ಬರು ಇದ್ದರು ಎಂಬುದು.

ಇನ್ನು ನಿಮ್ಮ ಗಡಿಯದೇ ಕಥೆ, ರೋಮಿಂಗ್. ತೋಟದಲ್ಲಿ ನಿಂತರೆ ಕರ್ನಾಟಕದ ಸಿಗ್ನಲ್, ನಾಲ್ಕು ಹೆಜ್ಜೆ ಆಚೆ ಹೋದರೆ ಆಂಧ್ರದ್ದು. ತಮ್ಮ ಮನೆ ಜಗಲಿಯಲ್ಲೇ ಕೂತು ಬಂದ ಕರೆ ಎತ್ತಿದವರ ಬ್ಯಾಲೆನ್ಸ್ ಕಟ್ ಆಗುತ್ತಿತ್ತು. ಬಾಗೇಪಲ್ಲಿ, ಗೌರಿಬಿದನೂರು, ಪಾವಗಡದ ಕಡೆಯಿಂದಲೂ ನಮಗೆ ಈ ಬಗ್ಗೆ ಕಾಗದ ಬರುತ್ತಿದ್ದವು. ರೋಮಿಂಗ್‌ನಲ್ಲಿ ಒಳಬರುವ ಕರೆಗೆ 2007ರಲ್ಲಿ ಟ್ರಾಯ್ ಹಾಕಿದ ಮಿತಿ ನಿಮಿಷಕ್ಕೆ 1.75 ರೂಪಾಯಿ. 2013ರಲ್ಲಿ ಅದನ್ನು 75 ಪೈಸೆಗೆ, 2015ರಲ್ಲಿ 45 ಪೈಸೆಗೆ ಇಳಿಸಿತು. ಜಿಯೋ ಬಂದು ರೋಮಿಂಗೇ ಇಲ್ಲ ಅಂದ ಮೇಲೆ 2017ರಲ್ಲಿ ಉಳಿದವರೂ ಕೈಬಿಟ್ಟರು. ಇಳಿಜಾರಿನ ಅರ್ಧ ದಾರಿ ನಿಯಮ ತಂದಿತು, ಉಳಿದರ್ಧ ಪೈಪೋಟಿ ತಂದಿತು. ಒಂದೇ ಕೈಯಿಂದ ಇದು ಆಗುತ್ತಿರಲಿಲ್ಲ.

ಹಾಗಾದರೆ ಈಗ ಯಾಕೆ ಏರಿಕೆ? ಕೊಳ್ಳುವವರಿಗೆ ಅಂಗಡಿಗಳೇ ಉಳಿದಿಲ್ಲ, ಅದಕ್ಕೆ. 2010ರ ಹೊತ್ತಿಗೆ ಒಂದೊಂದು ಸರ್ಕಲ್‌ನಲ್ಲಿ ಹತ್ತು ಹನ್ನೆರಡು ಕಂಪನಿ ಇದ್ದವು. ಅಷ್ಟು ಜನ ಉಳಿಯುವುದು ಕಷ್ಟವೇ ಇತ್ತು, ನಿಜ. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು. 2016ರ ನಂತರ ಏರ್‌ಸೆಲ್ ಮುಳುಗಿತು, ಟೆಲಿನಾರ್, ಟಾಟಾ ಡೊಕೊಮೊ ಮಾರಿ ಹೋದವು, 2018ರಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. 2019ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು ಬಂತು. 1999ರಲ್ಲಿ ಕಂಪನಿಗಳನ್ನು ಉಳಿಸಿದ್ದ "ಆದಾಯದಲ್ಲಿ ಪಾಲು" ಇದೆಯಲ್ಲ, ಆ ಆದಾಯ ಅಂದರೆ ಯಾವುದು ಎಂಬ ವಾದ ಅದು. ಕಂಪನಿಗಳು ಸೋತವು. ವೊಡಾಫೋನ್ ಐಡಿಯಾ ಮೇಲೆ ಐವತ್ತು ಸಾವಿರ ಕೋಟಿಗೂ ಮೀರಿದ ಬಾಕಿ ಬಿತ್ತು. ಆ ಕಂಪನಿ ಇನ್ನೂ ಪೂರ್ತಿ ಎದ್ದಿಲ್ಲ. ಬಾಕಿಗೆ ಬದಲು ಷೇರು ಪಡೆದು 2025ರಲ್ಲಿ ಸರ್ಕಾರ ಅದರ ಸುಮಾರು ಶೇ. 49ರ ಪಾಲುದಾರ ಆಯಿತು. ಬಿಎಸ್‌ಎನ್‌ಎಲ್ ಹೇಗೂ ಸರ್ಕಾರದ್ದೇ. ತೂಕದ ಅಧಿಕಾರಿಯನ್ನು ಬೇರೆ ಮಾಡಲು ನಾವು ಅಷ್ಟು ವರ್ಷ ತಗೊಂಡಿದ್ದೆವು. ಈಗ ಸರ್ಕಾರ ಮತ್ತೆ ತಕ್ಕಡಿಯ ಎರಡೂ ಕಡೆ ನಿಂತಿದೆ. ಇದು ನನಗೆ ನಿಜಕ್ಕೂ ಚಿಂತೆಯ ವಿಷಯ.

ಇನ್ನೊಂದು ಗಮನಿಸಿ. ಹೆಚ್ಚು ಕಂಪನಿಗಳು ಬರುತ್ತಿದ್ದ ಕಾಲದಲ್ಲೇ ಟ್ರಾಯ್ ರೋಮಿಂಗ್ ಹೊರತು ಉಳಿದ ಮೊಬೈಲ್ ದರ ಕಟ್ಟುವುದನ್ನು ಬಿಟ್ಟಿತು. ಕಂಪನಿಯೇ ದರ ಹಾಕಿ ಆಮೇಲೆ ತಿಳಿಸಿದರೆ ಸಾಕು ಎಂದಿತು. ಹನ್ನೆರಡು ಅಂಗಡಿ ಇದ್ದಾಗ ಅದು ಸರಿಯಾಗಿಯೇ ಇತ್ತು. 2009ರಲ್ಲಿ ಒಂದು ಕಂಪನಿ ಸೆಕೆಂಡಿಗೆ ಒಂದು ಪೈಸೆ ಅಂದಾಗ ಉಳಿದವರೆಲ್ಲ ಹಿಂದೆ ಬರಬೇಕಾಯಿತು. ಈಗಲೂ ಅದೇ ವ್ಯವಸ್ಥೆ ಇದೆ, ಅಂಗಡಿಗಳು ಮಾತ್ರ ಮೂರೂವರೆ: ಖಾಸಗಿ ಮೂರು, ಅರ್ಧ ಬಿಎಸ್‌ಎನ್‌ಎಲ್. 2024ರ ಜೂನ್ ಕೊನೆಯಲ್ಲಿ ಜಿಯೋ ದರ ಏರಿಕೆ ಘೋಷಿಸಿತು, ಮರುದಿನವೇ ಏರ್‌ಟೆಲ್, ವೊಡಾಫೋನ್ ಐಡಿಯಾ ಕೂಡ ಘೋಷಿಸಿದವು. ಸಂಚು ನಡೆಯಿತು ಎಂದು ನಾನು ಹೇಳುತ್ತಿಲ್ಲ. ಮೂವರೇ ಇದ್ದಾಗ ಸಂಚು ಬೇಕಾಗುವುದೂ ಇಲ್ಲ. ಆದರೆ ಆ ಜುಲೈ ಒಂದೇ ತಿಂಗಳಲ್ಲಿ ಬಿಎಸ್‌ಎನ್‌ಎಲ್‌ಗೆ ಸುಮಾರು 29 ಲಕ್ಷ ಗಿರಾಕಿಗಳು ಹೆಚ್ಚಾದರು. ಅಂದರೆ ಜನ ಬಿಟ್ಟುಹೋಗಲು ತಯಾರಿದ್ದಾರೆ. ಹೋಗಲು ಜಾಗ ಬೇಕು, ಅಷ್ಟೇ. 4ಜಿ ತಡವಾಗಿ ಬಂದದ್ದರಿಂದ ಬಿಎಸ್‌ಎನ್‌ಎಲ್ ಆ ಜಾಗ ಆಗಲಿಲ್ಲ. ಈಗ ಅದರ 4ಜಿಗೆ ಬೇಕಾದ ತಂತ್ರಾಂಶ ಕೊಟ್ಟಿರುವುದು ಕಿತ್ತೂರಿನ ಎಕ್ಸ್‌ಚೇಂಜ್ ಮಾಡಿದ ಅದೇ ಸಿ-ಡಾಟ್. ಆ ಬಿಎಸ್‌ಎನ್‌ಎಲ್ ಗಟ್ಟಿಯಾಗಿ ನಿಲ್ಲಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಸರ್ಕಾರವೇ ದರ ಕಟ್ಟಬೇಕಾ? ಎಲ್ಲ ಪ್ಯಾಕಿಗೂ ಬೇಡ. ದರ ಕಟ್ಟಿಬಿಟ್ಟರೆ ಹೊಸ ಟವರ್ ಹಾಕುವ ದುಡ್ಡು ಮೊದಲು ಕಡಿತವಾಗುವುದು ನಿಮ್ಮಂಥ ಊರಿನಲ್ಲೇ. ಆದರೆ ಬರೀ ಮಾತಿಗೆ ಬೇಕಾದ ಒಂದು ಸಣ್ಣ ಪ್ಯಾಕ್ ಎಲ್ಲರಿಗೂ ಸಿಗಬೇಕು, ಅದರ ಬೆಲೆಯ ಮೇಲೆ ಟ್ರಾಯ್ ಕಣ್ಣಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅರ್ಧ ಕೆಲಸ ಆಗಲೇ ಆಗಿದೆ. ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. 2025ರ ಜನವರಿಯಲ್ಲಿ ಕಂಪನಿಗಳು 84 ದಿನ, 365 ದಿನ ವ್ಯಾಲಿಡಿಟಿಯ ಇಂಥ ಪ್ಯಾಕ್ ತಂದವು. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. "ಡೇಟಾ ಬೇಡ, ವಾಯ್ಸ್ ಪ್ಯಾಕ್ ಮಾತ್ರ ಕೊಡಿ" ಎಂದು ನೀವೇ ಕೇಳಬೇಕು. 28 ದಿನದ ಲೆಕ್ಕದಲ್ಲಿ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್ ಆಗುತ್ತದೆ. ಅದಕ್ಕೇ 2022ರಲ್ಲಿ 30 ದಿನದ ಪ್ಯಾಕೂ ಇರಬೇಕೆಂದು ಟ್ರಾಯ್ ಹೇಳಿತ್ತು. ಅಕ್ಕನವರಿಗೆ ಯಾವುದು ಅಗ್ಗ ಬೀಳುತ್ತದೆ ಎಂದು ದಿನದ ಲೆಕ್ಕ ಹಾಕಿ ನೋಡಿ.

ಪೋರ್ಟ್ ಮಾಡಿಸಲಾಗದ ಸಂಕಟ ಇದಕ್ಕಿಂತ ದೊಡ್ಡದು. ನಂಬರ್ ಬದಲಿಸದೆ ಕಂಪನಿ ಬದಲಿಸುವ ಹಕ್ಕು 2011ರ ಜನವರಿಯಿಂದ ದೇಶಕ್ಕೆಲ್ಲ ಬಂತು. ಆ ಹಕ್ಕು ಕೋಲಾರ ಪೇಟೆಯಲ್ಲಿ ಕೆಲಸಕ್ಕೆ ಬರುತ್ತದೆ. ಒಂದೇ ಸಿಗ್ನಲ್ ಇರುವ ಊರಿನಲ್ಲಿ ಏನು ಉಪಯೋಗ? ದೆಹಲಿಯ ಲೆಕ್ಕದಲ್ಲಿ ನಾಲ್ಕು ಕಂಪನಿ, ನಿಮ್ಮ ಅಕ್ಕನ ಲೆಕ್ಕದಲ್ಲಿ ಒಂದೇ. ಹಳೇ ಕಾಲದ ಏಕಸ್ವಾಮ್ಯ ಅಲ್ಲಿ ಇನ್ನೂ ಮುಗಿದಿಲ್ಲ, ಹೆಸರು ಬದಲಾಗಿದೆ ಅಷ್ಟೇ. ಮೊದಲ ಸುತ್ತಿನಲ್ಲಿ ಲ್ಯಾಂಡ್‌ಲೈನ್ ಲೈಸೆನ್ಸ್ ಪಡೆದ ಖಾಸಗಿಯವರಿಗೆ ಹಳ್ಳಿಗಳಲ್ಲಿ ಸಾರ್ವಜನಿಕ ಫೋನ್ ಹಾಕಬೇಕೆಂಬ ಷರತ್ತಿತ್ತು. ಬಹುಮಟ್ಟಿಗೆ ಅದು ಈಡೇರಲೇ ಇಲ್ಲ. ಆಮೇಲೆ ಕಂಪನಿಗಳ ಆದಾಯದ ಶೇ. 5ನ್ನು ಹಳ್ಳಿ ಸೇವೆಗೆಂದೇ ಎತ್ತಿಡುವ ನಿಧಿ ಬಂತು. 2023ರ ಕಾಯ್ದೆಯ ನಂತರ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಈ ನಿಧಿಯ ದುಡ್ಡಿನಲ್ಲಿ ಕಟ್ಟಿದ 4ಜಿ ಟವರ್‌ಗಳನ್ನು ಬೇರೆ ಕಂಪನಿಯ ಗಿರಾಕಿಗಳೂ ಬಳಸುವ ವ್ಯವಸ್ಥೆ 2025ರ ಜನವರಿಯಲ್ಲಿ ಶುರುವಾಗಿದೆ. ಒಂದೇ ಟವರ್, ಹಲವು ಕಂಪನಿಗಳ ಸಿಮ್ ನಡೆಯುತ್ತದೆ. ಇದು ನಿಧಿಯ ಟವರ್‌ಗಳಿಗೆ ಮಾತ್ರ ನಿಲ್ಲಬಾರದು. ಒಂದೇ ಕಂಪನಿ ಇರುವ ಪ್ರತಿ ಊರಿಗೂ ಬರಬೇಕು, ಕಂಪನಿಗೆ ನ್ಯಾಯವಾದ ಬಾಡಿಗೆ ಕೊಟ್ಟು. ಬಿಎಸ್‌ಎನ್‌ಎಲ್ ಕಂಬವಾಗಲಿ, ಖಾಸಗಿ ಕಂಬವಾಗಲಿ.

ನೀವು ಮೇಷ್ಟ್ರು, ಹೋಬಳಿಯಲ್ಲೆಲ್ಲ ನಿಮ್ಮ ಶಿಷ್ಯರಿದ್ದಾರೆ. ಒಂದು ಸಹಾಯ ಮಾಡಿ. ಯಾವ ಊರಲ್ಲಿ ಯಾವ ಸಿಗ್ನಲ್ ಮನೆಯೊಳಗೂ ಸಿಗುತ್ತದೆ, ಯಾವುದಕ್ಕೆ ಮಾಳಿಗೆ ಹತ್ತಬೇಕು, ಎಲ್ಲಿ ಆಂಧ್ರದ್ದು ಮಾತ್ರ ಬರುತ್ತದೆ ಎಂದು ಊರ ಹೆಸರಿನ ಮುಂದೆ ಬರೆದು ಕಳಿಸಿ. ಬಾಗೇಪಲ್ಲಿ, ಪಾವಗಡದ ಓದುಗರನ್ನೂ ಇದನ್ನೇ ಕೇಳುತ್ತಿದ್ದೇನೆ. ಬಂದದ್ದನ್ನೆಲ್ಲ ಸೇರಿಸಿ ಪಟ್ಟಿ ಮಾಡಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿ, ಒಂದು ಪ್ರತಿ ಟ್ರಾಯ್‌ಗೂ ಕಳಿಸುತ್ತೇವೆ. ಅಕ್ಕನವರಿಗೆ ನನ್ನ ನಮಸ್ಕಾರ ಹೇಳಿ.