ಪ್ರತಿಕ್ರಿಯೆ: ಮುಳ್ಳೇರಿಯದ ಕಾಟುಮಾವಿನ ಗೆಲ್ಲು ಒಣಗುವುದು

ನಿಮ್ಮ ಕಾಟುಮಾವಿನ (ಕಾಡುಮಾವಿನ) ಮರದ ಒಂದೇ ಗೆಲ್ಲಿನಲ್ಲಿ (ಕೊಂಬೆಯಲ್ಲಿ) ಬೇರೆ ಥರದ ದಪ್ಪ ಎಲೆ, ಉದ್ದನೆಯ ಕೇಸರಿ ಹೂ, ಅದರಿಂದಾಚೆಗಿನ ತುದಿ ಒಣಗುತ್ತಿದೆ ಅಂದಿರಲ್ಲ, ಅದು ಬಹುತೇಕ ಬಂದಳಿಕೆ, ಅಂದರೆ ಮರದ ಮೇಲೇ ಬೆಳೆದು ಅದರ ರಸ ಹೀರುವ ಬದನಿಕೆ ಗಿಡ. ರೋಗವಲ್ಲ, ಮದ್ದು ಸಿಂಪಡಿಸಿ ಪ್ರಯೋಜನವಿಲ್ಲ. ಫೋಟೋ ನೋಡದೆ ಖಂಡಿತ ಹೇಳಲಾರೆ. ಅಂಟಿಕೊಂಡ ಜಾಗ ಗಂಟಿನಂತೆ ಉಬ್ಬಿದ್ದರೆ ಸಂಶಯವೇ ಬೇಡ.

ಎಲೆ ಮಾತ್ರ ಸವರಿದರೆ ಮತ್ತೆ ಚಿಗುರುತ್ತದೆ, ಹೀರುಬೇರು ಮರದೊಳಗೇ ಇರುತ್ತದಲ್ಲ. ಮೊದಲು ತೊಗಟೆಯ ಮೇಲೆ ಬಳ್ಳಿಯಂತೆ ಹರಿದ ಬೇರು ಎಲ್ಲಿವರೆಗಿದೆ ನೋಡಿ, ಅದೂ ಅಲ್ಲಲ್ಲಿ ಕಚ್ಚಿಕೊಂಡಿರುತ್ತದೆ. ಅದು ಮುಗಿದಲ್ಲಿಂದ ಕಾಂಡದ ಕಡೆಗೆ ಒಂದೂವರೆ ಅಡಿ ಬಿಟ್ಟು ಗೆಲ್ಲನ್ನೇ ಗರಗಸದಲ್ಲಿ ಕೊಯ್ಯಿರಿ. ಗಾಯಕ್ಕೆ ಬೋರ್ಡೋ ಪೇಸ್ಟ್ (ಮೈಲುತುತ್ತು, ಸುಣ್ಣ ಕಲಸಿದ ಲೇಪ) ಹಚ್ಚಿ. ಅಡಿಕೆಗೆ ತಂದ ಮೈಲುತುತ್ತು ಮನೆಯಲ್ಲಿರಬಹುದು. ಕಾಂಡದಲ್ಲೇ ಹಿಡಿದಿದ್ದರೆ ಕೆತ್ತಿ, ಚಿಗುರಿದಾಗಲೆಲ್ಲ ಮುರಿಯುತ್ತಿರಬೇಕು. ಇದರ ಹಣ್ಣು ತಿನ್ನುವ ಬದನಿಕೆ ಹಕ್ಕಿ ಅಂಟುಬೀಜವನ್ನು ಪಕ್ಕದ ಗೇರುಮರಕ್ಕೂ ಒರೆಸುತ್ತದೆ, ಹಾಗಾಗಿ ಬಂದಳಿಕೆಯ ಕಾಯಿ ಹಣ್ಣಾಗುವ ಮೊದಲೇ ಕೆಲಸ ಮುಗಿಸಿ.