ಕಣ್ಣು ಕಂಡ ಆಕಾಶ, ಮನಸ್ಸು ಕಂಡ ಆಕಾಶ

ಪ್ರಶ್ನೆ: ಚಿತ್ರಕಾರನು ಖಾಲಿ ಹಾಳೆಯಿಂದ ತೊಡಗುತ್ತಾನೆ, ಛಾಯಾಗ್ರಾಹಕನಾದರೋ ಎದುರಿಗಿದ್ದುದನ್ನೇ ಸೆರೆಹಿಡಿಯುತ್ತಾನೆ. ಹೀಗಿರುವಾಗ ನಿಸರ್ಗದ ಛಾಯಾಚಿತ್ರದಲ್ಲಿ ಕಲ್ಪನೆಗೆ ಎಡೆ ಎಲ್ಲಿದೆ?
— ಓದುಗರೊಬ್ಬರು, ಸಾಗರ

ಉತ್ತರ: ಎದುರಿಗಿದ್ದುದು ಹಾಗೆಯೇ ಚಿತ್ರಕ್ಕಿಳಿಯುತ್ತದೆ ಎಂಬ ನಂಬಿಕೆಯನ್ನೇ ಮೊದಲು ಪರೀಕ್ಷಿಸಬೇಕು. 1927ರ ಏಪ್ರಿಲ್ 10ರಂದು ಅಮೆರಿಕದ ಯೊಸೆಮಿಟಿಯಲ್ಲಿ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರು ಹಾಫ್ ಡೋಮ್ ಎಂಬ ಬೃಹತ್ ಗ್ರಾನೈಟ್ ಬಂಡೆಯ ಎದುರು ನಿಂತಾಗ ಅವರ ಬಳಿ ಉಳಿದಿದ್ದುದು ಫಿಲ್ಮಿನಂತೆ ಚಿತ್ರವನ್ನು ಮೂಡಿಸಿಕೊಳ್ಳುವ ಎರಡೇ ಗಾಜಿನ ಫಲಕಗಳು. ಮೊದಲನೆಯದನ್ನು ಹಳದಿ ಫಿಲ್ಟರ್ (ಮಸೂರದ ಮುಂದಿಡುವ ಬಣ್ಣದ ಗಾಜು) ಹಾಕಿ ತೆಗೆದೊಡನೆ, ಬಂಡೆಯನ್ನು ಕಂಡು ತಮಗಾದ ಬೆರಗು ಇದರಲ್ಲಿ ಮೂಡಲಾರದೆಂದು ಅವರಿಗೆ ಅನಿಸಿತು; ಆದ್ದರಿಂದ ಕೊನೆಯ ಫಲಕಕ್ಕೆ ಗಾಢ ಕೆಂಪು ಫಿಲ್ಟರ್ ಬಳಸಿದರು. ಕೆಂಪು ಗಾಜು ನೀಲಿ ಬೆಳಕನ್ನು ತಡೆಯುವುದರಿಂದ ಕಪ್ಪು-ಬಿಳುಪು ಚಿತ್ರದಲ್ಲಿ ಆಕಾಶವು ಹೆಚ್ಚುಕಡಿಮೆ ಕಪ್ಪಾಗಿ, ಬಿಸಿಲು ಬಿದ್ದ ಬಂಡೆಯು ಅದರೆದುರು ಗಂಭೀರವಾಗಿ ಎದ್ದು ನಿಂತಿತು.

ಆ ದಿನದ ಆಕಾಶ ಕಪ್ಪಾಗಿರಲಿಲ್ಲವೆಂಬುದು ನಿಜ. ಆದರೂ ಆ ಚಿತ್ರವನ್ನು ನಾನು ಸುಳ್ಳೆನ್ನಲಾರೆ. ಯಕ್ಷಗಾನದ ಬಣ್ಣದ ವೇಷವನ್ನು ನಾವಾರೂ ಸುಳ್ಳೆನ್ನುವುದಿಲ್ಲವಷ್ಟೆ. ಚಿತ್ರ ತೆಗೆಯುವ ಮುನ್ನವೇ ಅದರ ಅಂತಿಮ ರೂಪವನ್ನು ಮನಸ್ಸಿನಲ್ಲಿ ಕಾಣುವ ಈ ಕ್ರಮವನ್ನು ಆಡಮ್ಸ್ ಮುಂದೆ ತಮ್ಮ ಶಿಷ್ಯರಿಗೂ ಬೋಧಿಸಿದರು. ನೀವು ಕೇಳಿದ ಕಲ್ಪನೆಯ ಎಡೆ ಇರುವುದು ಅಲ್ಲಿಯೇ.

ಇಂತಹ ಚಿತ್ರಗಳು ಗೋಡೆಯ ಅಲಂಕಾರವಾಗಿಯಷ್ಟೇ ಉಳಿಯಲಿಲ್ಲ. 1936ರಲ್ಲಿ ಅವರು ತಮ್ಮ ಪರ್ವತಚಿತ್ರಗಳನ್ನು ವಾಷಿಂಗ್ಟನ್ನಿಗೆ ಒಯ್ದು, ಕಿಂಗ್ಸ್ ಕ್ಯಾನಿಯನ್ ಪ್ರದೇಶವನ್ನು ರಕ್ಷಿಸಬೇಕೆಂದು ಜನಪ್ರತಿನಿಧಿಗಳಲ್ಲಿ ವಾದಿಸಿದರು. 1940ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.